ಮಲ್ಲದಿನ್ನಿ ಕೆರೆಗೆ ಸೈಕಲ್ ಮೇಲೆ

ಕಂಟೋನ್ಮೆಂಟ್, ಬಳ್ಳಾರಿ
20-1-2025

ಪ್ರಿಯ ಕಾವೇರಿ,

ಸೈಕಲ್ ಟೀಚರ್ ಕ್ಷೇಮವಾಗಿ ಮನೆ ಮುಟ್ಟಿದ್ದಾಳೆ. "ಊರು ಮುಟ್ಟಿದ ಮ್ಯಾಲೆ ಒಂದು ಕಾಗದ ಹಾಕ್ರಿ ಟೀಚರ್ರೆ. ಫೋನು ನಮ್ಮನಿಯವ್ರ ಕೂಡ ಭತ್ತ ಕೊಯ್ಯೋ ಮಷಿನ್ ಮ್ಯಾಲೆ ಊರೂರು ತಿರುಗ್ತಿರ್ತತಿ" ಎಂದು ನೀನು ಹೇಳಿದ್ದನ್ನು ನೆನಪಿಟ್ಟು ಬರೆಯುತ್ತಿದ್ದೇನೆ. ಕಾಗದ ಬರೆದು ಎಷ್ಟು ವರ್ಷವಾಯಿತೋ. ಅಂಚೆ ಕಚೇರಿಯವರೇ ನನ್ನನ್ನು ವಿಚಿತ್ರವಾಗಿ ನೋಡಿದರು.

ನಿಮ್ಮ ಮಲ್ಲದಿನ್ನಿಗೆ ಬರುವ ಮೊದಲು ಎಲ್ಲೆಲ್ಲಿ ತಿರುಗಿದೆ ಎಂದು ಕೇಳಿ, ಅಂಗನವಾಡಿಗೆ ಹೊತ್ತಾಯಿತೆಂದು ಉತ್ತರ ಕೇಳದೆ ಓಡಿದ್ದೆಯಲ್ಲ, ಈಗ ಕೇಳು. ಹೋದ ಜೂನಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತಳಾದೆ. ಒಬ್ಬಳೇ ಇರುವವಳು. ಮೂವತ್ತು ವರ್ಷ ಶಾಲೆಗೆ ತುಳಿದ ಅದೇ ಲೇಡೀಸ್ ಸೈಕಲ್ಲಿಗೆ ಹೊಸ ಟೈರು ಹಾಕಿಸಿ, ಹಿಂದೆ ಒಂದು ಚೀಲ ಕಟ್ಟಿ, ಜನವರಿ ಹತ್ತಕ್ಕೆ ಹೊರಟೆ. ನನ್ನ ನಿಯಮ ಒಂದೇ: ಅವಸರ ಮಾಡಬಾರದು. ಕೆರೆ ಕಂಡರೆ ಇಳಿಯಬೇಕು, ಏರಿಯ ಮೇಲೆ ಕೂರಬೇಕು, ಚಿತ್ರ ಬರೆಯಬೇಕು. ಮೊದಲ ದಿನ ಬಾದನಹಟ್ಟಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆ. ಆಮೇಲೆ ಎರಡು ದಿನ ಕುರುಗೋಡು. ಗುಡ್ಡದ ಬಂಡೆಗಳ ನೆರಳು ನೀರಿನಲ್ಲಿ ಬಿದ್ದಿದ್ದನ್ನು ಬರೆಯಲು ಇಡೀ ಒಂದು ಮಧ್ಯಾಹ್ನ ಕಳೆದೆ. ಅಲ್ಲಿಂದ ಕಾಲುವೆ ದಂಡೆಯ ಮಣ್ಣುದಾರಿ ಹಿಡಿದು ಸಿರುಗುಪ್ಪದ ಕಡೆ. ಒಂದು ಸಣ್ಣ ಕೆರೆಯಲ್ಲಿ ದೂರದೇಶದ ಹೆಬ್ಬಾತುಗಳು ಸಾಲಾಗಿ ನಿಂತಿದ್ದವು. ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗಿದ್ದವು.

ಆದರೆ ಸಂಕ್ರಾಂತಿಗೆ ನಿಮ್ಮೂರ ಕೆರೆಯಂಗಳದಲ್ಲಿ ನಿನ್ನ ಅತ್ತೆ ಗಿಡ್ಡಮ್ಮನವರು ಕೊಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯದ ಮುಂದೆ ಅವೆಲ್ಲ ಏನೂ ಅಲ್ಲ. "ನೀರು ಒಂದು ಹೆಜ್ಜಿ ಹಿಂದಕ ಹೋದ್ರ ನಾ ಒಂದು ಹೆಜ್ಜಿ ಮುಂದಕ ಹೋಗಿ ಬೀಜ ಊರ್ತೀನಿ" ಎಂದು ಅವರು ಹೇಳಿದ್ದು ಕಿವಿಯಲ್ಲೇ ಇದೆ. ನಲವತ್ತು ವರ್ಷದಿಂದ ಆ ಒದ್ದೆ ಮಣ್ಣಿನಲ್ಲಿ ಸೌತೆ, ಬದನೆ, ಪುಂಡಿ ಬೆಳೆದು ಸಿರುಗುಪ್ಪದ ಸಂತೆಗೆ ಹೊತ್ತ ಆ ಜೀವದ ಬಗ್ಗೆ ನಾನು ಪತ್ರಿಕೆಗೆ ಬರೆಯಬೇಕೆಂದಿದ್ದೇನೆ. ಭಾನುವಾರದ ಪುರವಣಿಯವರು ಒಪ್ಪಿದ್ದಾರೆ. ಅತ್ತೆಯನ್ನು ಕೇಳಿ ತಿಳಿಸು. ಅವರ ಚಿತ್ರವನ್ನು ಇದರೊಳಗೆ ಇಟ್ಟಿದ್ದೇನೆ.

ನಿನ್ನ
ಸುಮಂಗಲಾ ಟೀಚರ್


ಮಲ್ಲದಿನ್ನಿ
30-1-2025

ಸುಮಂಗಲಾ ಟೀಚರ್ ಅವರಿಗೆ ಕಾವೇರಿ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದದ್ದು ಓಣಿಗೆಲ್ಲ ಗೊತ್ತಾಯಿತು. ಪೋಸ್ಟ್‌ಮ್ಯಾನ್ ಬ್ಯಾಂಕಿನ ನೋಟಿಸ್ ಬಿಟ್ಟು ಬೇರೆ ಏನೂ ತರುವುದಿಲ್ಲವಾದ್ದರಿಂದ ಪಕ್ಕದ ಮನೆ ಎಲ್ಲಮ್ಮ ಹೆದರಿ ಬಂದು ನಿಂತಿದ್ದಳು. ಓದಿ ಹೇಳಿದ ಮೇಲೆ ನಕ್ಕಳು. ಅತ್ತೆಗೆ ಮೂರು ಸಲ ಓದಿದೆ. ಫೋನಿನಲ್ಲಾದರೆ ಒಮ್ಮೆ ಕೇಳಿ ಮುಗಿಯುತ್ತಿತ್ತು, ಇದು ಬೇಕಾದಾಗ ಓದಿಸಿಕೊಳ್ಳಬಹುದು ಎನ್ನುತ್ತಾರೆ.

ಚಿತ್ರ ನೋಡಿ, "ಮೂಗು ಇಷ್ಟು ದೊಡ್ಡದೇನು ನಂದು?" ಎಂದರು. ಆದರೂ ಕನ್ನಡಿಯ ಪಕ್ಕ ಅಂಟಿಸಿದ್ದಾರೆ.

ಪತ್ರಿಕೆಯ ವಿಷಯ ಕೇಳಿದೆ. "ಬರೀಲಿ ಬಿಡು. ನನ್ನ ಸೌತಿಕಾಯಿ ಹೆಸರು ಬಳ್ಳಾರಿತನಕ ಹೋಗ್ಲಿ" ಎಂದರು. ನಮ್ಮ ಮನೆಯವರು ಮಾರೇಶ ಮಾತ್ರ, ಸರ್ಕಾರಿ ಕೆರೆ ಜಾಗ, ಅದರ ಸುದ್ದಿ ಪೇಪರಿನಲ್ಲಿ ಯಾಕೆ ಎಂದರು. ಅತ್ತೆ, "ಟೀಚರಮ್ಮಗ ನಿನಗಿಂತ ತಿಳೀತತಿ" ಎಂದು ಅವರ ಬಾಯಿ ಮುಚ್ಚಿಸಿದರು.

ಎರಡನೇ ದಿನ ನೀವು ನಮ್ಮೂರ ಸಾವ್ಕಾರ ಪ್ರಭುಲಿಂಗಪ್ಪನವರ ಮನೆಯಲ್ಲಿ ಉಳಿದಿರಂತೆ. ಊರಿಗೆ ಬಂದ ದೊಡ್ಡವರೆಲ್ಲ ಅಲ್ಲೇ ಉಳಿಯುವುದು. ನಮ್ಮ ಮನೆಯಲ್ಲಿ ಚಾಪೆ ಮೇಲೆ ಮಲಗಿದ್ದರಿಂದ ಬೆನ್ನು ನೋವಾಗಿತ್ತೇನೋ ಎಂದು ಅತ್ತೆ ಪೇಚಾಡುತ್ತಿದ್ದಾರೆ.

ಇಂತಿ,
ಕಾವೇರಿ


ಬಳ್ಳಾರಿ
17-2-2025

ಪ್ರಿಯ ಕಾವೇರಿ,

ಬಂತು! ನಿನ್ನೆಯ ಪುರವಣಿಯಲ್ಲಿ ಅರ್ಧ ಪುಟ. ಚಿತ್ರವನ್ನೂ ಹಾಕಿದ್ದಾರೆ. ನಿನ್ನೆ ಬೆಳಿಗ್ಗೆಯಿಂದ ಹಳೆಯ ಸಹೋದ್ಯೋಗಿಗಳ ಫೋನು ನಿಂತಿಲ್ಲ. ಎಲ್ಲರಿಗೂ ಹಿಡಿಸಿದ್ದು ಅತ್ತೆಯ ಆ ಒಂದು ಮಾತು: "ಯಾರ ಹೆಸರಿನಾಗರ ಇರ್ಲಿ, ಈ ಕೆರಿ ನಂದ. ಯಾರು ಕೇಳೋರು?" ಸಂಪಾದಕರು ಅದನ್ನೇ ದಪ್ಪ ಅಕ್ಷರದಲ್ಲಿ ಮೇಲೆ ಹಾಕಿದ್ದಾರೆ.

ಎರಡು ಪ್ರತಿ ಕಳಿಸಿದ್ದೇನೆ. ಅತ್ತೆಗೆ ಓದಿ ಹೇಳು. ಬೆನ್ನು ನೋವಿರಲಿಲ್ಲ ಎಂದೂ ಹೇಳು. ಪ್ರಭುಲಿಂಗಪ್ಪನವರು ತುಂಬಾ ಒತ್ತಾಯ ಮಾಡಿದರು, ಇಲ್ಲ ಎನ್ನಲಾಗಲಿಲ್ಲ ಅಷ್ಟೆ.

ಮಾರ್ಚಿನಲ್ಲಿ ಮತ್ತೆ ಸೈಕಲ್ ತೆಗೆಯುತ್ತೇನೆ. ಈ ಸಲ ಸಿರುಗುಪ್ಪದಿಂದ ಆಚೆ, ತುಂಗಭದ್ರೆಯ ದಂಡೆಗೆ.

ನಿನ್ನ
ಸುಮಂಗಲಾ ಟೀಚರ್


ಮಲ್ಲದಿನ್ನಿ
9-3-2025

ಟೀಚರ್ ಅವರಿಗೆ ಕಾವೇರಿಯ ನಮಸ್ಕಾರಗಳು.

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅತ್ತೆಯ ತೋಟ ಹೋಯಿತು.

ಮಂಗಳವಾರ ಬೆಳಿಗ್ಗೆ ಕೆರೆ ಒತ್ತುವರಿ ತೆಗೆಸುವವರು ಜೆಸಿಬಿ ತಂದರು. ನಾನು ಅಂಗನವಾಡಿಯಲ್ಲಿದ್ದೆ. ಎಲ್ಲಮ್ಮ ಓಡಿಬಂದು ಕರೆದಳು. ನಾನು ಹೋಗುವಷ್ಟರಲ್ಲಿ ಗುಡಿಸಲು ಮುಗಿದಿತ್ತು. ಸೌತೆ ಬಳ್ಳಿ ಕಾಯಿ ಕಚ್ಚಿತ್ತು, ಇನ್ನೊಂದು ವಾರಕ್ಕೆ ಕೀಳಬೇಕಿತ್ತು. ಅದರ ಮೇಲೆಯೇ ಮಷಿನ್ ಹೋಯಿತು. ಅತ್ತೆ ಸಾಹೇಬರ ಕಾಲು ಹಿಡಿಯಲು ಹೋದರು. ಅವರು ಜೇಬಿನಿಂದ ಪೇಪರಿನ ತುಂಡು ತೆಗೆದು ಎಲ್ಲರ ಮುಂದೆ ಜೋರಾಗಿ ಓದಿದರು. ನೀವು ಬರೆದದ್ದೇ. "ಇಡೀ ಕೆರಿ ನಂದು, ಯಾರು ಕೇಳೋರು ಅಂದೀಯಲ್ಲಮ್ಮ. ಕೇಳಾಕ ನಾವು ಬಂದೀವಿ" ಎಂದರು. ಜನ ನಕ್ಕರು.

ಪ್ರಭುಲಿಂಗಪ್ಪನವರೂ ಅಲ್ಲಿದ್ದರು. "ವಯಸ್ಸಾದಾಕಿ, ಏನೋ ಬಾಯಿ ತಪ್ಪಿ ಅಂದಿರ್ತಾಳ. ಬಿಡ್ರಿ ಸಾಹೇಬ್ರ" ಎಂದು ಒಂದು ಮಾತು ಹೇಳಿದರು. ಸಾಹೇಬರು ಬಿಡಲಿಲ್ಲ. ಆಮೇಲೆ ಅವರೆಲ್ಲರಿಗೂ ಪ್ರಭುಲಿಂಗಪ್ಪನವರ ಮನೆಯಲ್ಲೇ ಊಟವಾಯಿತು.

ಟೀಚರ್, ನೀವು ಪ್ರೀತಿಯಿಂದ ಬರೆದಿರಿ, ಅದು ನಮಗೆ ಗೊತ್ತು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಅತ್ತೆ ನನ್ನನ್ನು ಒಂದೇ ಮಾತು ಕೇಳುತ್ತಿದ್ದಾರೆ: "ನಾ ಹಂಗಂದಿದ್ನೇನು ಕಾವೇರಿ? ಯಾವಾಗ ಅಂದೆ?" ಪೇಪರು ಬಂದ ದಿನ ಆ ಸಾಲು ಓದಿದಾಗ, "ಅಂದಿರಬೇಕು, ಅವತ್ತು ಬಾಳ ಮಾತಾಡಿದ್ವಿ" ಎಂದು ನಕ್ಕಿದ್ದರು. ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲವಂತೆ. ನೀವು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಿರಿ. ದಯವಿಟ್ಟು ನೋಡಿ, ಅವರು ಹಾಗೆ ಅಂದದ್ದು ಹೌದೋ ಅಲ್ಲವೋ ತಿಳಿಸಿ. ಅಂದಿದ್ದರೆ ಅಂದೆ ಎಂದು ಸುಮ್ಮನಾಗುತ್ತೇನೆ ಎನ್ನುತ್ತಾರೆ.

ಇಂತಿ,
ಕಾವೇರಿ


ಬಳ್ಳಾರಿ
15-3-2025

ಪ್ರಿಯ ಕಾವೇರಿ,

ನಿನ್ನ ಕಾಗದ ಬಂತು. ಮರುದಿನವೇ ಪರಿಚಯದ ವಕೀಲರೊಬ್ಬರನ್ನು ಕಂಡೆ. ಕೆರೆಯಂಗಳದ ಜಾಗಕ್ಕೆ ಕಾನೂನು ಬಿಗಿ ಇದೆಯಂತೆ, ಆದರೂ ಒಂದು ಅರ್ಜಿ ಹಾಕಬಹುದಂತೆ. ನಾನೇ ಬರೆದು ಕಳಿಸಿದ್ದೇನೆ. ಅತ್ತೆ ಹೆಬ್ಬೆಟ್ಟು ಒತ್ತಿದರೆ ಸಾಕು. ಜೊತೆಗೆ ಅವರಿಗೊಂದು ಇಳಕಲ್ ಸೀರೆ, ನಿನಗೊಂದು, ಅಂಗನವಾಡಿ ಮಕ್ಕಳಿಗೆ ಬಣ್ಣದ ಪೆನ್ಸಿಲ್.

ನೋಟ್‌ಬುಕ್ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ, ಎಲ್ಲ ಅಸ್ತವ್ಯಸ್ತ. ಸಿಕ್ಕ ಮೇಲೆ ನೋಡುತ್ತೇನೆ. ಅತ್ತೆಗೆ ಧೈರ್ಯ ಹೇಳು. ಯಾರು ಏನು ಅಂದರು ಎಂಬುದಕ್ಕಿಂತ ಮುಂದೇನು ಮಾಡಬೇಕು ಎಂಬುದು ಮುಖ್ಯವಲ್ಲವೇ?

ಸುಮಂಗಲಾ


ಮಲ್ಲದಿನ್ನಿ
2-4-2025

ಟೀಚರ್ ಅವರಿಗೆ ನಮಸ್ಕಾರಗಳು.

ಪಾರ್ಸೆಲ್ ಬಂತು. ಪೆನ್ಸಿಲ್‌ಗಳನ್ನು ಮಕ್ಕಳಿಗೆ ಕೊಟ್ಟೆ. ಸೀರೆಯನ್ನು ಅತ್ತೆ ಉಡಲಿಲ್ಲ. "ನನ್ನ ಬಾಯಿಂದ ಆಕಿ ಹೆಸರೂ ಕೆಡ್ತು. ಆಕಿ ಕೊಟ್ಟ ಸೀರಿ ಬ್ಯಾರೆ ಉಟ್ಕಳ್ಳೇನು?" ಎಂದು ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ತೆಗೆದುಕೊಂಡು ಇಟ್ಟುಕೊಂಡರು.

ಓಣಿಯಲ್ಲಿ ಅತ್ತೆಗೆ 'ಕೆರಿ ಸಾವ್ಕಾರ್ತಿ' ಎಂದು ಹೆಸರಿಟ್ಟಿದ್ದಾರೆ. ನಳದ ಹತ್ತಿರ ಯಾರೋ, "ಸಾವ್ಕಾರ್ತಿ ಬಂದ್ಲು, ದಾರಿ ಬಿಡ್ರಿ" ಎಂದರಂತೆ. ಕೊಡ ಅಲ್ಲೇ ಬಿಟ್ಟು ಬಂದರು. ಆವತ್ತಿನಿಂದ ನೀರಿಗೆ ನಾನೇ ಹೋಗುತ್ತೇನೆ. ಮನೆಯವರೂ ಸಿಟ್ಟಿನಲ್ಲಿ, "ನಿನ್ನ ನಾಲಿಗಿ ನಿನ್ನ ಹೊಟ್ಟಿಗೆ ಕಲ್ಲು ಹಾಕ್ತು" ಎಂದುಬಿಟ್ಟರು. ಅದನ್ನು ಅಂದದ್ದು ಹೆತ್ತ ಮಗ. ಈಗ ಮನೆಗೆ ಯಾರು ಬಂದರೂ ಅತ್ತೆ ಒಳಗೆ ಹೋಗಿ ಕೂರುತ್ತಾರೆ. ಬಾಯಿ ಬಿಟ್ಟರೆ ಇನ್ನೇನು ಆಡುತ್ತೇನೋ ಎಂದು ಹೆದರಿಕೆಯಂತೆ.

ನೋಟ್‌ಬುಕ್ಕಿನ ವಿಷಯ ನೀವು ಮತ್ತೆ ಹುಡುಕುವುದು ಬೇಡ ಟೀಚರ್. ನಮಗೆ ಅರ್ಥವಾಯಿತು. ಅತ್ತೆ ಅಂದದ್ದು ಹೌದು, ಹೌದೆಂದು ಬರೆದರೆ ಅವರಿಗೆ ನೋವಾಗುತ್ತದೆ ಎಂದು ನೀವು ನೋಟ್‌ಬುಕ್ ಸಿಗುತ್ತಿಲ್ಲ ಎಂದಿರಿ. ನಿಮ್ಮದು ದೊಡ್ಡ ಮನಸ್ಸು. ಅತ್ತೆಗೂ ಹಾಗೇ ಹೇಳಿದೆ. "ಹಂಗಾರ ಅಂದೀನಿ ಬಿಡು" ಎಂದರು.

ಇಂತಿ,
ಕಾವೇರಿ


ಮಲ್ಲದಿನ್ನಿ
21-5-2025

ಟೀಚರ್ ಅವರಿಗೆ ನಮಸ್ಕಾರಗಳು.

ನಾನು ಬರೆದು ಒಂದೂವರೆ ತಿಂಗಳಾಯಿತು, ನಿಮ್ಮ ಕಾಗದವಿಲ್ಲ. ಬಿಸಿಲಿನಲ್ಲಿ ಸೈಕಲ್ ತುಳಿದು ಹುಷಾರಿಲ್ಲದಾಗಿದೆಯೇ? ಅತ್ತೆ ಕೇಳಿದರು. ಅವರಾಗಿಯೇ ಕೇಳಿದ್ದು ಅದೊಂದೇ ಮಾತು, ಅದಕ್ಕೆ ಬರೆದೆ.

ಕಾವೇರಿ


ಬಳ್ಳಾರಿ
28-6-2025

ಕಾವೇರಿ,

ನನಗೆ ಹುಷಾರಿತ್ತು. ನೋಟ್‌ಬುಕ್ಕೂ ಕಳೆದಿರಲಿಲ್ಲ. ನಿನ್ನ ಮಾರ್ಚಿನ ಕಾಗದ ಓದಿದಾಗ ಅದು ನನ್ನ ಎದುರಿಗೆ ಮೇಜಿನ ಮೇಲೆಯೇ ಇತ್ತು. ಮನೆಗೆ ಸುಣ್ಣವನ್ನೂ ಹೊಡೆಸುತ್ತಿರಲಿಲ್ಲ.

ನಿನ್ನ ಅತ್ತೆ ಆ ಮಾತು ಆಡಿಲ್ಲ.

ಅದನ್ನು ಆಡಿದ್ದು ಪ್ರಭುಲಿಂಗಪ್ಪ. ಜನವರಿ ಹದಿನೈದರ ಸಂಜೆ ಅವರ ಮಾಳಿಗೆಯ ಮೇಲೆ ಕಾಫಿ ಕುಡಿಯುತ್ತಿದ್ದೆವು. ಅಲ್ಲಿಂದ ಕೆರೆಯ ಆಚೆ ದಡ ಪೂರ್ತಿ ಕಾಣುತ್ತದೆ. ಅವರು ಹೊಸದಾಗಿ ಹಾಕಿಸಿದ ಬದು, ಅದರೊಳಗೆ ಹಸಿರು ಭತ್ತ. ಕೆರೆಯ ಮೂರರಲ್ಲೊಂದು ಪಾಲು ಆ ಬದುವಿನೊಳಗೆ ಸೇರಿದ್ದನ್ನು ಡ್ರಾಯಿಂಗ್ ಟೀಚರಿಗೆ ಯಾರೂ ತೋರಿಸಿಕೊಡಬೇಕಿರಲಿಲ್ಲ. "ಇದು ಕೆರೆ ಜಾಗವಲ್ಲವೇ?" ಎಂದು ಕೇಳಿದೆ. ಅವರು ನಕ್ಕು, "ಯಾರ ಹೆಸರಿನಾಗರ ಇರ್ಲಿ ಟೀಚರ್ರೆ, ಈ ಕೆರಿ ನಂದ. ಯಾರು ಕೇಳೋರು?" ಎಂದರು. ನಾನೂ ನಕ್ಕೆ. ಕೋಣೆಗೆ ಹೋಗಿ ಬರೆದಿಟ್ಟುಕೊಂಡೆ. ಪುಟದ ಮೇಲೆ ತಾರೀಖು, ಅವರ ಹೆಸರು ಎಲ್ಲ ಇದೆ.

ಲೇಖನ ಬರೆಯಲು ಕೂತಾಗ ಆ ಮಾತನ್ನು ಬಿಡಲು ಮನಸ್ಸಾಗಲಿಲ್ಲ. ಅವರ ಮನೆಯಲ್ಲಿ ಉಂಡು, ಅವರ ಹಾಸಿಗೆಯಲ್ಲಿ ಮಲಗಿ, ಅವರ ಹೆಸರು ಹಾಕಲು ಸಂಕೋಚವಾಯಿತು. ಸಂಕೋಚ ಎಂದು ಈಗಲೂ ಸುಳ್ಳು ಬರೆಯುತ್ತಿದ್ದೇನೆ, ಹೆದರಿಕೆಯಾಯಿತು. ಅವರ ಬಾಯಲ್ಲಿ ದರ್ಪವಾಗಿದ್ದ ಮಾತು ನಿನ್ನ ಅತ್ತೆಯ ಬಾಯಲ್ಲಿ ಚೆಂದ ಕಂಡಿತು. ಹಾಕಿಬಿಟ್ಟೆ. ಆ ಬದುವಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಸಾಹೇಬರು ಆ ಪೇಪರಿನ ತುಂಡು ಓದುವಾಗ ಪ್ರಭುಲಿಂಗಪ್ಪ ಅಲ್ಲೇ ನಿಂತು ತಮ್ಮದೇ ಮಾತು ಕೇಳಿಸಿಕೊಂಡರಲ್ಲ! "ಬಾಯಿ ತಪ್ಪಿ ಅಂದಿರ್ತಾಳ" ಎಂದರು ಎಂದು ನೀನು ಬರೆದದ್ದನ್ನು ಓದಿ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಗುಟ್ಟು ಅವರ ಹತ್ತಿರವೂ ಇದೆ, ಅವರು ಅದನ್ನು ಬಿಟ್ಟುಕೊಡುವುದಿಲ್ಲ ಎಂದು ಸಮಾಧಾನವಾಯಿತು. ನಾನು ಎಂಥವಳು ಎಂದು ನನಗೆ ತಿಳಿದದ್ದು ಆವತ್ತು.

ಆದರೂ ಬಾಯಿ ಬಿಡಲಿಲ್ಲ. ಅರ್ಜಿ ಬರೆದೆ, ಸೀರೆ ಕಳಿಸಿದೆ. ನಿಜ ಹೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ನೀನು ನನ್ನದು ದೊಡ್ಡ ಮನಸ್ಸು ಎಂದು ಬರೆದ ದಿನ ಸೈಕಲ್ ತೆಗೆದುಕೊಂಡು ಊರ ಹೊರಗೆ ಹೋದೆ. ಒಂದು ನೀರಿನ ಕುಂಟೆಯ ಹತ್ತಿರ ಕಳೆ ತೆಗೆಯುತ್ತಿದ್ದ ಹೆಂಗಸು, "ಬಿಸ್ಲಾಗ ಎಲ್ಲಿಗೆ ಹೊಂಟೀಯವ್ವ, ಬಾ ನೀರು ಕುಡಿ" ಎಂದು ಕರೆದಳು. ಇಳಿಯಲಿಲ್ಲ. ಹಿಂದೆ ತಿರುಗಿ ಮನೆಗೆ ಬಂದವಳು ಮತ್ತೆ ಸೈಕಲ್ ಮುಟ್ಟಿಲ್ಲ.

ಪತ್ರಿಕೆಗೆ ಬರೆದು ಕೊಟ್ಟೆ. ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದರು. ಪ್ರಭುಲಿಂಗಪ್ಪನವರ ಹೆಸರನ್ನು ಬಿಟ್ಟಿದ್ದಾರೆ. ನೋಟ್‌ಬುಕ್ಕಿನ ಆ ಪುಟದ ನಕಲು, ನನ್ನ ಸಹಿ ಹಾಕಿದ ಹೇಳಿಕೆ ಕಚೇರಿಗೆ ಹೋಗಿವೆ. ಒಂದು ಪ್ರತಿ ಇದರೊಳಗಿದೆ. ಇದನ್ನು ಅತ್ತೆಗೆ ಓದಿ ಹೇಳು. ಪೂರ್ತಿ ಓದು. ಎಲ್ಲೂ ಮೆತ್ತಗೆ ಮಾಡಬೇಡ.

ಕ್ಷಮಿಸು ಎಂದು ಕೇಳಲು ಬಾಯಿಲ್ಲ.

ಸುಮಂಗಲಾ


ಮಲ್ಲದಿನ್ನಿ
14-7-2025

ಸುಮಂಗಲಾ ಟೀಚರ್ ಅವರಿಗೆ,

ನಮಸ್ಕಾರ ಎಂದು ಬರೆಯಲು ಕೈ ಬರಲಿಲ್ಲ. ತಪ್ಪು ತಿಳಿಯಬೇಡಿ ಎಂದೂ ಬರೆಯುವುದಿಲ್ಲ.

ನಿಮ್ಮ ಕಾಗದವನ್ನು ಮೂರು ದಿನ ಅಂಗನವಾಡಿಯ ಬೀರುವಿನಲ್ಲಿಟ್ಟಿದ್ದೆ. ಮನೆಗೆ ತಂದರೆ ಹರಿದು ಹಾಕುತ್ತೇನೆ ಎನಿಸಿತ್ತು. ನಾಲ್ಕು ತಿಂಗಳು ಟೀಚರ್! ನೀವು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ಬಾಯಿಬಿಟ್ಟು ಕೇಳಿದ್ದೆ. ತೋಟ ಹೋಗುವುದು ಹೋಯಿತು, ಅದು ಹೇಗೂ ಸರ್ಕಾರದ ಜಾಗ. ಆದರೆ ಇಡೀ ಬೇಸಿಗೆ ಒಬ್ಬ ಮುದುಕಿ ತನ್ನ ನಾಲಿಗೆಗೆ ತಾನೇ ಹೆದರಿ ಕೂತಳು. ಅದು ಸರ್ಕಾರ ಮಾಡಿದ್ದಲ್ಲ.

ಮೊದಲು ಮನೆಯವರಿಗೆ ಓದಿದೆ. ಅವರು ಎದ್ದು ಹೋಗಿ ಭತ್ತದ ಮಷಿನ್ ಹತ್ತಿರ ಕೂತರು. ತಾಯಿಗೆ ಅಂದದ್ದು ನೆನಪಾಗಿರಬೇಕು. ಆಮೇಲೆ ಅತ್ತೆಗೆ ಓದಿದೆ, ನೀವು ಹೇಳಿದಂತೆ ಪೂರ್ತಿ.

"ನಾ ಅಂದಿಲ್ಲ?"

"ಇಲ್ಲತ್ತಿ."

"ಇನ್ನೊಮ್ಮಿ ಓದು."

ಮೂರು ಸಲ ಓದಿಸಿದರು. ನಿಮ್ಮ ಬಗ್ಗೆ, ಪ್ರಭುಲಿಂಗಪ್ಪನ ಬಗ್ಗೆ ಒಂದೂ ಕೇಳಲಿಲ್ಲ. ತಲೆ ಬಾಚಿಕೊಂಡರು, ಸೆರಗು ಸರಿಮಾಡಿಕೊಂಡರು, ಎಲ್ಲಮ್ಮನ ಮನೆಗೆ ಹೋಗಿ, "ನಾ ಅಂದಿಲ್ಲಂತವಾ. ಟೀಚರಮ್ಮ ಬರದಾಳ" ಎಂದರು. ಅಲ್ಲಿಂದ ನಳದ ಕಟ್ಟೆಗೆ ಹೋದರು. ಅಲ್ಲಿ ಯಾರೂ ನಂಬಲಿಲ್ಲ. "ಕಾಗದದಾಗ ಏನು ಬೇಕಾದ್ರೂ ಬರೀತಾರ. ಆವತ್ತು ಬರದಿದ್ದೂ ಆಕೀನ ಅಲ್ಲ?" ಎಂದರು. ಅದು ಸುಳ್ಳೇನಲ್ಲ.

ಅತ್ತೆ ಹೇಳಿದ್ದನ್ನು ಬರೆಯುತ್ತೇನೆ: "ಆಕಿ ಬರ್ಲಿ. ಬೇವಿನ ಕಟ್ಟಿ ಮ್ಯಾಲೆ ನಿಂತು ಬಾಯಿಲೆ ಹೇಳ್ಲಿ. ಬಸ್ಸಿನ್ಯಾಗ ಬಂದು ಮಖ ಮುಚ್ಗಂಡು ಹೋಗಬಾರ್ದು. ಸೈಕಲ್ ಮ್ಯಾಲೆ ಬರ್ಲಿ. ದಾರಿಯಾಗ ಎಲ್ಲಾರೂ ನೋಡ್ಲಿ."

ಬರುವುದು ಬಿಡುವುದು ನಿಮಗೆ ಬಿಟ್ಟದ್ದು.

ಕಾವೇರಿ


ಬಳ್ಳಾರಿ
6-8-2025

ಕಾವೇರಿ,

ಬಂದು ಹೋದದ್ದನ್ನು ನೀನು ನೋಡಿದ್ದೀಯ. ಆದರೂ ಬರೆಯಬೇಕೆನಿಸಿತು.

ಶನಿವಾರ ನಸುಕಿಗೆ ಹೊರಟು ಆ ಸಂಜೆ ಬಾದನಹಟ್ಟಿಯಲ್ಲಿ ಉಳಿದೆ. ಜನವರಿಯಲ್ಲಿ ಹೋದ ದಾರಿಯನ್ನೇ ಹಿಡಿದೆ. ಎಲ್ಲಾ ಕೆರೆಗಳಿಗೂ ಹೊಸ ನೀರು ಬಂದಿದೆ. ಒಂದು ಕಡೆಯೂ ಇಳಿಯಲಿಲ್ಲ. ಗುರುತಿದ್ದವರು, "ಟೀಚರ್ರೆ, ಮತ್ತ ಚಿತ್ರ ಬರಿಯಾಕ ಹೊಂಟ್ರೇನು?" ಎಂದು ಕೇಳಿದರು. ಇಲ್ಲ, ಮಲ್ಲದಿನ್ನಿಯಲ್ಲಿ ಒಂದು ತಪ್ಪು ಮಾಡಿದ್ದೆ, ಅದನ್ನು ಹೇಳಲು ಹೋಗುತ್ತಿದ್ದೇನೆ ಎಂದೆ. ಮೊದಲನೆಯವರಿಗೆ ಹೇಳುವಾಗ ನಾಲಿಗೆ ತೊದಲಿತು. ಆರನೆಯವರಿಗೆ ಸ್ವಲ್ಪ ಸಲೀಸಾಯಿತು. ಸಲೀಸಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಮೂವತ್ತು ವರ್ಷ ಪಾಠ ಮಾಡಿದವಳು ಕಟ್ಟೆಯ ಮೇಲೆ ನಿಂತು ಒಂದೊಂದು ಸಾಲಿಗೂ ತಡವರಿಸಿದೆ. ಪ್ರಭುಲಿಂಗಪ್ಪನವರು ಕುರ್ಚಿ ತರಿಸಿಕೊಂಡು ಎದುರಿಗೇ ಕೂತಿದ್ದರು. ನೋಟ್‌ಬುಕ್ ತೆರೆದು ಅವರ ಮಾತು ಓದಿದಾಗ, "ನಾ ಎಲ್ಲಿ ಅಂದೀನಿ? ಏ ಟೀಚರಮ್ಮ, ನಮ್ಮನಿ ಕಾಫಿ ಕುಡದು ಹಿಂಗ ಮಾಡೋದಾ?" ಎಂದರು. ಹೌದು, ಕುಡಿದೆ, ಅದಕ್ಕೇ ಆವತ್ತು ಸುಳ್ಳು ಬರೆದೆ ಎಂದೆ. ಅದೊಂದು ಮಾತು ಮಾತ್ರ ತಡವರಿಸದೆ ಬಂತು.

ಆದರೆ ನಿನ್ನ ಅತ್ತೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಕಟ್ಟೆಯಿಂದ ಇಳಿದು ಅವರ ಮುಂದೆ ಕೈ ಮುಗಿದು ನಿಂತೆ. ಆಗಲೂ ಮುಖ ಅತ್ತ ಕಡೆಯೇ ಇತ್ತು. ಅದು ಸರಿಯೇ. ನಾನು ಕೇಳಲು ಹೋದದ್ದಲ್ಲ, ಹೇಳಲು ಹೋದದ್ದು ಎಂದುಕೊಂಡು ಸೈಕಲ್ ಹತ್ತಿದೆ. ನೀನು ಹಿಂದಿನಿಂದ ಏನೋ ಕೂಗಿದ ಹಾಗಾಯಿತು. ನಿಲ್ಲುವ ಧೈರ್ಯವಾಗಲಿಲ್ಲ.

ಇನ್ನು ನಾನಾಗಿ ಬರೆದು ನಿಮಗೆ ತೊಂದರೆ ಕೊಡುವುದಿಲ್ಲ. ಕಚೇರಿಯವರು ಕರೆದರೆ ಯಾವಾಗ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆ.

ಸುಮಂಗಲಾ


ಮಲ್ಲದಿನ್ನಿ
24-8-2025

ಟೀಚರ್ ಅವರಿಗೆ ಕಾವೇರಿಯ ನಮಸ್ಕಾರ.

ನಾನು ಕೂಗಿದ್ದು, ಊಟ ಮಾಡಿ ಹೋಗಿರಿ ಎಂದು. ಅತ್ತೆ ಹೇಳಿ ಕೂಗಿಸಿದ್ದಲ್ಲ, ನಾನಾಗಿಯೇ ಕೂಗಿದ್ದು. ಅರವತ್ತು ವರ್ಷದವರು ಅಷ್ಟು ದೂರ ತುಳಿದುಕೊಂಡು ಬಂದಿದ್ದರಲ್ಲ ಎನಿಸಿತು. ನೀವು ಹೋದ ಮೇಲೆ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಕೊಟ್ಟ ಹೇಳಿಕೆಯನ್ನು ಇಟ್ಟುಕೊಂಡು ನಾಲ್ಕು ಜನ ಕೆರೆಯ ಆಚೆ ದಡಕ್ಕೆ ಹೋಗಿ ಬದು ನೋಡಿ ಬಂದರು. ದಿನಾ ನೋಡುತ್ತಿದ್ದದ್ದೇ, ಆದರೆ ನೋಡಲೆಂದೇ ಹೋದದ್ದು ಅದೇ ಮೊದಲು. ಕಚೇರಿಯಿಂದ ಅಳೆಯಲು ಬರುತ್ತಾರೆ ಎಂದು ಸುದ್ದಿ ಇದೆ. ಬಂದಾಗ ನೋಡೋಣ. ಅತ್ತೆಯ ಜಾಗವಂತೂ ತಿರುಗಿ ಸಿಗುವುದಿಲ್ಲ, ಅದನ್ನು ಸಾಹೇಬರು ಖಚಿತವಾಗಿ ಹೇಳಿದ್ದಾರೆ. ಅಂಗನವಾಡಿಯ ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳಿಗೆಂದು ಸೊಪ್ಪು ಹಾಕಲು ಕೇಳಿದ್ದೇನೆ. ಒಪ್ಪಿದರೆ ಅತ್ತೆ ನೋಡಿಕೊಳ್ಳುತ್ತಾರೆ. ಕೆರೆಯ ಒದ್ದೆ ಮಣ್ಣೆಲ್ಲಿ, ಅಲ್ಲಿನ ಕಲ್ಲು ಗರಸು ಎಲ್ಲಿ. ಆದರೂ ಗುದ್ದಲಿ ತೆಗೆದುಕೊಂಡು ಹೋಗಿ ನೋಡಿ ಬಂದರು.

ಮನೆಯವರು ತಾಯಿಯ ಹತ್ತಿರ ಹೋಗಿ ಏನೋ ಹೇಳಲು ನಿಂತರು. ಅತ್ತೆ, "ಗೊತ್ತಾತು, ಊಟ ಮಾಡು" ಎಂದರು.

ಈಗ ನಿಮ್ಮ ವಿಷಯ. ಅತ್ತೆ ನಿಮ್ಮ ಕಡೆ ನೋಡಲಿಲ್ಲ ಎಂದು ಬರೆದಿದ್ದೀರಿ. ಓದಿ ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು.

"ಆಕಿನ್ನ ಯಾಕ ನೋಡ್ಲಿ? ನಾ ಪ್ರಭುಲಿಂಗಪ್ಪನ ಮಖ ನೋಡಾಕತ್ತಿದ್ದೆ. ನಲವತ್ತು ವರ್ಷ ಅವರ ಮನಿ ಮುಂದ ತಲಿ ಬಗ್ಗಿಸಿ ಹೋಗೀನಿ. ಆಕಿ ಪುಸ್ತಕ ತಗದು ಓದಿದಾಗ ಆತ ಬಾಯಿ ಮಾಡಿದ, ಕಡೀಕ ತಲಿ ಬಗ್ಗಿಸಿದ. ಅಷ್ಟೊತ್ತು ಬಿಟ್ಟು ಬ್ಯಾರೆ ಕಡಿ ಯಾರರ ನೋಡ್ತಾರೇನು?"

"ಹಂಗಾರ ಟೀಚರ್ ಮ್ಯಾಲಿನ ಸಿಟ್ಟು ಹೋತೇನತ್ತಿ?" ಎಂದು ಕೇಳಿದೆ.

"ಇಲ್ಲ" ಎಂದರು. "ಸಿಟ್ಟು ಐತಿ. ಆತ ಸುಳ್ಳ ಅಂತ ನನಗ ಮದಲ ಗೊತ್ತಿತ್ತು. ಆಕಿ ನನ್ನ ಕೂಡ ಕುಂತು ಉಂಡಾಕಿ. ಸಿಟ್ಟು ಐತಿ ಅಂತನ ಬರಿ. ಆದ್ರ ಕಾಗದ ಹಾಕೋದು ನಿಲ್ಲಿಸಬ್ಯಾಡ ಅನ್ನು. ಬಂದ್ರ ಓದಿಸಿ ಕೇಳ್ತೀನಿ."

ಬರೆದು ಮುಗಿಸಿದ ಮೇಲೆ, ಏನು ಬರೆದೆ ಓದು ಎಂದರು. ಓದಿದೆ. ಒಂದು ಕಡೆ ನಿಲ್ಲಿಸಿ, "ಮದಲ ಗೊತ್ತಿತ್ತು ಅಂದೆ. ಮದಲಿಂದ ಅಂದಿಲ್ಲ" ಎಂದರು. ನಾನು 'ಮದಲಿಂದ' ಎಂದು ಬರೆದಿದ್ದೆ, ತಿದ್ದಿದೆ. ಮತ್ತೆ ಮೊದಲಿನಿಂದ ಓದಿಸಿದರು.

"ಹಾಂ" ಎಂದರು, "ಇದು ನನ್ನ ಮಾತು. ಇನ್ನ ಕಳಿಸು."

ಇಂತಿ,
ಕಾವೇರಿ